ಓದುಗರ ಕಟ್ಟೆ: ಹುಡುಗ ಸೋತರೆ ಕಮಿಷನ್ ಯಾರಿಗೆ?

ಹೋದ ತಿಂಗಳು ಇದೇ ಕಟ್ಟೆಯಲ್ಲಿ ಹಾಸನದ ಓದುಗರೊಬ್ಬರು ಒಂದು ಸಣ್ಣ ಪ್ರಶ್ನೆ ಕೇಳಿದ್ದರು. ಮಗನ ಮೊಬೈಲಿನಲ್ಲಿ ಬೆಟ್ಟಿಂಗ್ ಜಾಹೀರಾತು ಬರುತ್ತಿದೆ, ನಿಲ್ಲಿಸುವುದು ಹೇಗೆ ಅಂತ. ‘ಸೆಟ್ಟಿಂಗ್ಸ್‌ಗೆ ಹೋಗಿ ಬ್ಲಾಕ್ ಮಾಡಿ’ ಎಂದು ನಾಲ್ಕು ಸಾಲು ಬರೆದು ಕೈ ತೊಳೆದುಕೊಂಡಿದ್ದೆ. ಆಮೇಲೆ ಬಂದ ಪತ್ರಗಳನ್ನು ಓದಿದಾಗ ಗೊತ್ತಾಯಿತು, ಮನೆಯೊಳಗೆ ಹೊಳೆ ನುಗ್ಗಿದವರಿಗೆ ನಾನು ಕಿಟಕಿ ಹಾಕಿ ಅಂದಿದ್ದೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳಿಗೆಲ್ಲ ರಜೆ. ಮೆಣಸಿನ ಬಳ್ಳಿ ಸೊರಗುತ್ತಿದೆ ಅಂತ ಬರೆದವರು, ಪಿಂಚಣಿ ಬಗ್ಗೆ ಕೇಳಿದವರು ದಯವಿಟ್ಟು ಒಂದು ತಿಂಗಳು ತಡೆಯಿರಿ. ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಮೇಡಂ, ನಮ್ಮದು ಅರಸೀಕೆರೆ ಹತ್ತಿರದ ಹಳ್ಳಿ. ಮಗ ಸೆಕೆಂಡ್ ಪಿಯುಸಿ, ಇನ್ನೂ 17 ತುಂಬಿದೆ ಅಷ್ಟೇ. ಕೊಬ್ಬರಿ ಮಾರಿದ ದುಡ್ಡು ಅವರಪ್ಪನ ಖಾತೆಯಲ್ಲಿತ್ತು. ಮೂರು ವಾರದಲ್ಲಿ 200, 500, ಸಾವಿರ ಅಂತ ಒಟ್ಟು 38 ಸಾವಿರ ಹೋಗಿದೆ. ಪಿನ್ ಅವನಿಗೆ ಗೊತ್ತಿತ್ತು, ಗ್ಯಾಸು ಕರೆಂಟು ಬಿಲ್ಲೆಲ್ಲ ಅವನೇ ಕಟ್ಟುತ್ತಿದ್ದ. ನಮ್ಮ ಮನೆಯಲ್ಲಿ ಇಸ್ಪೀಟು ಎಲೆ ಮುಟ್ಟಿದವರಿಲ್ಲ. ಕೇಳಿದರೆ, ದಿನಾ ನೋಡುವ ಕಾಮಿಡಿ ರೀಲ್ಸ್‌ನವನು ‘ನಾನೂ ಆಡ್ತೀನಿ, ಲಿಂಕ್ ಇದೆ ನೋಡಿ’ ಅಂದ, ಒತ್ತಿದೆ ಅಂತಾನೆ. ಸಾಕುವುದರಲ್ಲಿ ನಾವು ಎಲ್ಲಿ ತಪ್ಪಿದೆವು? (ಅರಸೀಕೆರೆ ತಾಲೂಕು)

ಉತ್ತರ: ತಾಯಿ, ಪಿನ್ ಕೊಟ್ಟಿದ್ದು ಒಂದು ತಪ್ಪು. ಅದನ್ನು ಇವತ್ತೇ ಬದಲಾಯಿಸಿ. ಅದು ಬಿಟ್ಟರೆ ನಿಮ್ಮ ಸಾಕಣೆಯ ಬಗ್ಗೆ ನಾನೇನೂ ಹೇಳುವುದಿಲ್ಲ, ಏಕೆಂದರೆ ಇಲ್ಲಿ ಹೇಳಬೇಕಾದ್ದು ಆ ಲಿಂಕಿನ ಬಗ್ಗೆ.

ನಿಮ್ಮ ಹುಡುಗ ಒತ್ತಿದ ಲಿಂಕಿನ ಬಾಲದಲ್ಲಿ ಒಂದು ಕೋಡ್ ಇರುತ್ತದೆ. ಯಾರ ವಿಡಿಯೊ ನೋಡಿ ಯಾವ ಹುಡುಗ ಒಳಗೆ ಬಂದ ಅಂತ ಕಂಪನಿಗೆ ಅದರಿಂದ ಗೊತ್ತಾಗುತ್ತದೆ. ಕರೆತಂದವನಿಗೆ ದುಡ್ಡು ಸಿಗುವುದು ಹೆಚ್ಚಾಗಿ ಎರಡು ರೀತಿ. ಒಂದು, ತಲೆಗೆ ಇಷ್ಟು ಅಂತ: ಹೊಸಬ ಬಂದು ದುಡ್ಡು ಹಾಕಿದ ತಕ್ಷಣ ಲೆಕ್ಕ ಚುಕ್ತಾ. ಇನ್ನೊಂದರಲ್ಲಿ ಪಾಲು. ಆ ಹೊಸಬ ಮುಂದೆ ಎಷ್ಟು ಕಳೆದುಕೊಳ್ಳುತ್ತಾನೋ ಅದರಲ್ಲಿ ಶೇಕಡಾ ಇಷ್ಟು ಅಂತ ತಿಂಗಳು ತಿಂಗಳು ಬರುತ್ತಿರುತ್ತದೆ. ಅರಸೀಕೆರೆ ಮಂಡಿಯಲ್ಲಿ ನಿಮ್ಮ ಕೊಬ್ಬರಿ ಒಳ್ಳೆ ರೇಟಿಗೆ ಹೋದರೆ ದಲ್ಲಾಳಿಗೂ ನಾಲ್ಕು ಕಾಸು ಜಾಸ್ತಿ. ನಿಮ್ಮ ಲಾಭದಲ್ಲಿ ಅವನ ಲಾಭವೂ ಇದೆ. ಇಲ್ಲಿ ಪೂರ್ತಿ ಉಲ್ಟಾ. ನಿಮ್ಮ ಮಗ ಗೆದ್ದರೆ ಆ ರೀಲ್ಸ್‌ನವನಿಗೆ ಏನೂ ಇಲ್ಲ, ಸೋತರೆ ಕಮಿಷನ್. ‘ನಾನೂ ಆಡ್ತೀನಿ’ ಅಂದನಲ್ಲ, ಅವನು ಆಡುತ್ತಿದ್ದ ಆಟ ಬೇರೆ, ನಿಮ್ಮ ಹುಡುಗ ಆಡುತ್ತಿದ್ದ ಆಟ ಬೇರೆ.

ಬೋನಸ್ ಕೂಡ ಹಾಗೇ. ಸೇರಿದ ತಕ್ಷಣ 500 ಉಚಿತ ಅಂತ ತೋರಿಸುತ್ತಾರೆ. ತೆಗೆಯಲು ಹೋದರೆ, ಮೊದಲು ಅದರ ಹಲವು ಪಟ್ಟು ಆಡಿ ಮುಗಿಸಿರಬೇಕು ಎಂಬ ಷರತ್ತು ಯಾವುದೋ ಮೂಲೆಯಲ್ಲಿ ಇರುತ್ತದೆ. ಅಷ್ಟು ಆಡುವಷ್ಟರಲ್ಲಿ ಕೈ ಪಳಗಿರುತ್ತದೆ, ಅಪ್ಪನ ದುಡ್ಡೂ ಒಳಗೆ ಹೋಗಿರುತ್ತದೆ.

ನಿಯಮ ಇರಲಿಲ್ಲವಾ ಅಂದರೆ, ಇತ್ತು. ಜಾಹೀರಾತು ಕಂಪನಿಗಳೇ ಸೇರಿ 1985ರಲ್ಲಿ ಕಟ್ಟಿಕೊಂಡ ಆಸ್ಕಿ ಎಂಬ ಸಂಸ್ಥೆ ಇದೆ. ದುಡ್ಡು ಕಟ್ಟಿ ಆಡುವ ಆಟಗಳ ಜಾಹೀರಾತು ಹೇಗಿರಬೇಕು ಅಂತ ಅದು ಮಾಡಿದ ನಿಯಮ 2020ರ ಡಿಸೆಂಬರ್ 15ರಿಂದ ಜಾರಿಗೆ ಬಂತು. 18 ದಾಟದವರನ್ನು ತೋರಿಸಬಾರದು, 18 ದಾಟಿಲ್ಲದವರ ಹಾಗೆ ಕಾಣುವವರನ್ನೂ ತೋರಿಸಬಾರದು. ಇದೊಂದು ಸಂಪಾದನೆಯ ದಾರಿ, ಕೆಲಸದ ಬದಲಿಗೆ ಇದನ್ನು ಮಾಡಬಹುದು ಎಂಬಂತೆ ಹೇಳಬಾರದು. ದುಡ್ಡು ಹೋಗಬಹುದು, ಚಟ ಹತ್ತಬಹುದು ಎಂಬ ಎಚ್ಚರಿಕೆಯನ್ನು ಮಾಮೂಲಿ ಮಾತಿನ ವೇಗದಲ್ಲೇ ಓದಬೇಕು. ಟಿವಿಯಲ್ಲಿ ಅದನ್ನು ಹೇಗೆ ಓದುತ್ತಿದ್ದರು ಅಂತ ನಿಮಗೆ ನೆನಪಿದೆ ಅಲ್ವಾ? ರೈಲು ಹೊರಡುವಾಗ ಕಡ್ಲೇಕಾಯಿ ಮಾರುವವನು ಕೂಗಿದ ಹಾಗೆ. ಅಷ್ಟಕ್ಕೂ ಆ ನಿಯಮ ಕೇಳಿದ್ದು ಜಾಹೀರಾತಿನಲ್ಲಿ ಕಾಣುವವರ ವಯಸ್ಸನ್ನು, ಅದನ್ನು ನೋಡುವವರ ವಯಸ್ಸನ್ನಲ್ಲ. ಜಾಹೀರಾತಿನಲ್ಲಿ ಹುಡುಗ ಇರಬಾರದು, ಸರಿ. ಆದರೆ ಹುಡುಗರೇ ದಿನಾ ನೋಡುವ ಕಾಮಿಡಿಯವನ ಬಾಯಲ್ಲಿ ಹೇಳಿಸಿದರೆ?

ಈಗ ನೀವು ಮಾಡಬೇಕಾದ್ದು. ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ 1930ಕ್ಕೆ ಫೋನ್ ಮಾಡಿ, ಯಾವ ಯಾವ ಖಾತೆಗೆ ದುಡ್ಡು ಹೋಗಿದೆಯೋ ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆ ರೀಲ್ಸ್‌ದೂ ಒಂದು ಇರಲಿ, ಅದನ್ನು ಅಳಿಸುವ ಮುಂಚೆ. ಹುಡುಗನಿಗೆ ಹೊಡೆಯಬೇಡಿ. ಇದನ್ನು ಶಾಸ್ತ್ರಕ್ಕೆ ಹೇಳುತ್ತಿಲ್ಲ. ಸಿಕ್ಕಿಬಿದ್ದ ದಿನ ಈ ಮಕ್ಕಳು ತುಂಬಾ ಹೆದರಿರುತ್ತಾರೆ, ಒಂಟಿಯಾಗಿ ಬಿಡುವುದು ಒಳ್ಳೆಯದಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹಾಸನದ ಹಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದುಕೊಂಡು ಹೋಗಿ. ಇನ್ನೂ ಬೇಕು ಅನ್ನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಆನ್‌ಲೈನ್ ಆಟದ ಚಟಕ್ಕೇ 2014ರಿಂದ ಶಟ್ ಎಂಬ ಕ್ಲಿನಿಕ್ ಇದೆ.

ಪ್ರಶ್ನೆ: ಯುಗಾದಿ ಬಂದರೆ ನಮ್ಮೂರಲ್ಲಿ ಜಗಲಿ ಮೇಲೆ, ಅರಳಿಕಟ್ಟೆ ಮೇಲೆ ಎಲ್ಲ ಕಡೆ ಇಸ್ಪೀಟು. ನಾನೂ ಐವತ್ತು ವರ್ಷದಿಂದ ಆಡುತ್ತಿದ್ದೇನೆ. ಯಾರ ಮನೆಯೂ ಹಾಳಾಗಿಲ್ಲ. ಮೊಬೈಲಿನಲ್ಲಿ ಆಡಿದರೆ ಮಾತ್ರ ದೊಡ್ಡ ರಾದ್ಧಾಂತ. ಎರಡಕ್ಕೂ ಏನು ವ್ಯತ್ಯಾಸ? (ಬೇಲೂರು)

ಉತ್ತರ: ಯಜಮಾನರೇ, ಯಾರ ಮನೆಯೂ ಹಾಳಾಗಿಲ್ಲ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮೂರಲ್ಲೇ ಒಂದೆರಡು ಎಕರೆ ಕೈಬದಲಾದದ್ದು ನೋಡಿದ್ದೇನೆ. ಅದಿರಲಿ, ನಿಮ್ಮ ಪ್ರಶ್ನೆ ಒಳ್ಳೆಯದು.

ಜಗಲಿ ಮೇಲೆ ನೀವು ಸೋತ ನೂರು ರೂಪಾಯಿ ಎದುರುಮನೆಯವನ ಜೇಬಿಗೆ ಹೋಗುತ್ತದೆ, ಹೊಸತೊಡಕಿನ ದಿನ ಅವನೇ ನಿಮ್ಮನ್ನು ಊಟಕ್ಕೆ ಕರೆಯುತ್ತಾನೆ. ಕತ್ತಲಾದರೆ ಆಟ ಮುಗಿಯುತ್ತದೆ. ಜೇಬು ಖಾಲಿಯಾದರೂ ಮುಗಿಯುತ್ತದೆ. ಹದಿನೈದರ ಹುಡುಗ ಬಂದು ಕೂತರೆ ‘ಏಯ್, ಎದ್ದೋಗೋ’ ಅಂತ ಗದರಿಸುವ ಒಬ್ಬ ಹಿರಿಯ ಅಲ್ಲೇ ಇರುತ್ತಾನೆ, ಬಹುಶಃ ನೀವೇ. ರಾತ್ರಿ ಎರಡು ಗಂಟೆಗೆ ಯಾರೂ ನಿಮ್ಮ ಕಿವಿಯಲ್ಲಿ ‘ನಿಮಗಾಗಿ 100 ರೂಪಾಯಿ ಬೋನಸ್ ಕಾಯುತ್ತಿದೆ’ ಅಂತ ಉಸುರುವುದಿಲ್ಲ. ಮೂರು ದಿನ ಆಡಲು ಬರಲಿಲ್ಲ ಅಂತ ಅರಳಿಕಟ್ಟೆ ನಿಮ್ಮನ್ನು ಹುಡುಕಿಕೊಂಡು ಮನೆಗೆ ಬಂದದ್ದುಂಟಾ? ಆ್ಯಪು ಬರುತ್ತದೆ.

ಐವತ್ತು ವರ್ಷದಲ್ಲಿ ಯುಗಾದಿ ಇಸ್ಪೀಟಿಗೆ ಒಂದು ಜಾಹೀರಾತೂ ಬಂದಿಲ್ಲ, ಅದರ ಅಗತ್ಯವೂ ಇರಲಿಲ್ಲ.

ಪ್ರಶ್ನೆ: ಅಕ್ಕಾ, ಟೆಲಿಗ್ರಾಂನಲ್ಲಿ ಒಬ್ಬ ಸತತವಾಗಿ ನಾಲ್ಕು ಮ್ಯಾಚ್ ಯಾರು ಗೆಲ್ಲುತ್ತಾರೆ ಅಂತ ಮೊದಲೇ ಹೇಳಿದ. ನಾಲ್ಕೂ ಸರಿ. ಐದನೆಯದಕ್ಕೆ 3 ಸಾವಿರ ಕೇಳುತ್ತಿದ್ದಾನೆ. ಒಳಗಿನ ಮಾಹಿತಿ ಇಲ್ಲದೆ ಇದು ಹೇಗೆ ಸಾಧ್ಯ? ಹಾಸ್ಟೆಲ್‌ನಲ್ಲಿ ಆರು ಜನ ಸೇರಿ ದುಡ್ಡು ಹಾಕೋಣ ಅಂತಿದ್ದೇವೆ. (ಚಿಕ್ಕಮಗಳೂರು)

ಉತ್ತರ: ತಮ್ಮಾ, ಇಂಜಿನಿಯರಿಂಗ್ ಓದುತ್ತೀಯ ಅಂತ ಬರೆದಿದ್ದೀಯ, ಹಾಗಾಗಿ ಲೆಕ್ಕ ಮಾಡು. ಅವನು 1,600 ಜನರಿಗೆ ಮೆಸೇಜ್ ಕಳಿಸುತ್ತಾನೆ. 800 ಜನರಿಗೆ ‘ಬೆಂಗಳೂರು ಗೆಲ್ಲುತ್ತೆ’, ಉಳಿದ 800 ಜನರಿಗೆ ‘ಚೆನ್ನೈ ಗೆಲ್ಲುತ್ತೆ’. ಮ್ಯಾಚ್ ಮುಗಿದ ಮೇಲೆ ತಪ್ಪು ಹೇಳಿದ 800 ಜನರನ್ನು ಮರೆತುಬಿಡುತ್ತಾನೆ. ಉಳಿದವರನ್ನು ಮತ್ತೆ 400, 400. ಆಮೇಲೆ 200. ನಾಲ್ಕನೇ ಮ್ಯಾಚ್ ಮುಗಿಯುವ ಹೊತ್ತಿಗೆ ಸರಿಯಾಗಿ 100 ಜನ ಇರುತ್ತಾರೆ, ಅವರೆಲ್ಲರಿಗೂ ಅವನು ನಾಲ್ಕಕ್ಕೆ ನಾಲ್ಕು ಸರಿ ಹೇಳಿದ ದೇವರು. ಆ ನೂರರಲ್ಲಿ ನೀನೂ ಒಬ್ಬ. ನೂರು ಜನ 3 ಸಾವಿರ ಕೊಟ್ಟರೆ ಮೂರು ಲಕ್ಷ, ಕ್ರಿಕೆಟ್ ಬ್ಯಾಟ್ ಹಿಡಿಯಲು ಗೊತ್ತಿರದಿದ್ದರೂ ಆಗುತ್ತದೆ.

ಆ ಆರು ಜನರಿಗೂ ಇದನ್ನು ಓದಿ ಹೇಳು. ಇನ್ನೊಂದು ವಿಷಯ. ಇಂಥ ಗ್ರೂಪುಗಳಲ್ಲೇ ‘ನಿನ್ನ ಬ್ಯಾಂಕ್ ಖಾತೆ ಬಾಡಿಗೆಗೆ ಕೊಡು, ತಿಂಗಳಿಗೆ ಇಷ್ಟು ಕೊಡ್ತೀವಿ’ ಅಂತ ಕೇಳುವವರೂ ಬರುತ್ತಾರೆ. ಬೆಟ್ಟಿಂಗ್ ದುಡ್ಡನ್ನು ಸಾಗಿಸಲು ಅವರಿಗೆ ಯಾರದ್ದಾದರೂ ಖಾತೆ ಬೇಕು. ಎಟಿಎಂ ಕಾರ್ಡು, ಸಿಮ್ ಕೊಟ್ಟೆ ಅಂದರೆ ನಾಳೆ ಖಾತೆ ಫ್ರೀಜ್ ಆಗಿ ಪೊಲೀಸರು ಹುಡುಕಿಕೊಂಡು ಬರುವುದು ನಿನ್ನನ್ನು.

ಪ್ರಶ್ನೆ: ಆನ್‌ಲೈನ್ ಜೂಜಿಗೆ ಕೇಂದ್ರದ ಕಾನೂನು ಬಂದಿದೆ. ಟಿವಿಯಲ್ಲಿ ಆ ಜಾಹೀರಾತು ಈಗ ಕಾಣುತ್ತಿಲ್ಲ, ಒಪ್ಪುತ್ತೇನೆ. ಆದರೆ ನಮ್ಮ ಕಾಲೇಜು ಹುಡುಗರ ಫೋನಿನಲ್ಲಿ ನಿಂತಿಲ್ಲ. ಕರ್ನಾಟಕವೂ ಹಿಂದೆ ಒಂದು ಕಾನೂನು ಮಾಡಿತ್ತಲ್ಲ, ಅದೇನಾಯಿತು? ಕಾನೂನು ಇದ್ದೂ ಯಾಕೆ ಹೀಗೆ? (ಉಪನ್ಯಾಸಕರು, ಚಿಕ್ಕಮಗಳೂರು)

ಉತ್ತರ: ಮೇಷ್ಟ್ರೇ, ಕಥೆ ಸ್ವಲ್ಪ ಉದ್ದ. ನಮ್ಮ ದೇಶದ ಜೂಜಿನ ಕಾನೂನು 1867ರದ್ದು, ಬ್ರಿಟಿಷರದ್ದು. ಅದರಲ್ಲಿ ಜೂಜಿನ ಮನೆಯ ಮಾತಿದೆ, ಮೊಬೈಲಿನ ಮಾತು ಎಲ್ಲಿಂದ ಬರಬೇಕು. ಜಾಣ್ಮೆಯ ಆಟ ಜೂಜಲ್ಲ ಎಂಬುದು ಅದರಲ್ಲೇ ಬಂದ ವಿನಾಯಿತಿ. 1968ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಜಾಣ್ಮೆಯ ಆಟ ಅಂದಿತು. ಕ್ಲಬ್ಬಿನಲ್ಲಿ ನಾಲ್ಕು ಜನ ಆಡುವ ರಮ್ಮಿಗೆ ಹೇಳಿದ ಆ ಮಾತೇ ಐವತ್ತು ವರ್ಷ ಆದ ಮೇಲೆ ಕೋಟಿಗಟ್ಟಲೆ ಫೋನುಗಳಿಗೆ ಬಾಗಿಲು ತೆಗೆದುಕೊಟ್ಟಿತು.

ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕಂಪನಿಗಳು ಹೈಕೋರ್ಟಿಗೆ ಹೋದವು. 2022ರ ಫೆಬ್ರವರಿ 14ರಂದು ಆ ತಿದ್ದುಪಡಿಯ ಮುಖ್ಯ ಭಾಗ ಬಿದ್ದುಹೋಯಿತು. ಅದೇ ವರ್ಷ ಜೂನ್‌ನಲ್ಲಿ ಕೇಂದ್ರದ ವಾರ್ತಾ ಇಲಾಖೆ, ಬೆಟ್ಟಿಂಗ್ ಜಾಹೀರಾತು ಹಾಕಬೇಡಿ ಅಂತ ಪತ್ರಿಕೆ, ಟಿವಿಗಳಿಗೆ ಸಲಹೆ ಕಳಿಸಿತು. ಅಕ್ಟೋಬರ್‌ನಲ್ಲಿ ಮತ್ತೆ ಕಳಿಸಿತು. ಯಾಕೆಂದರೆ ಅಷ್ಟರಲ್ಲಿ ಬೆಟ್ಟಿಂಗ್ ಕಂಪನಿಗಳು ತಮ್ಮ ಹೆಸರಿಗೆ ‘ನ್ಯೂಸ್’, ‘ಸ್ಪೋರ್ಟ್ಸ್’ ಅಂತ ಬಾಲ ಅಂಟಿಸಿಕೊಂಡು ಅದೇ ಲೋಗೊ, ಅದೇ ಬಣ್ಣದಲ್ಲಿ ಬಂದಿದ್ದವು. ವಿಸ್ಕಿ ಹೆಸರಿನಲ್ಲಿ ಸೋಡಾ ಮಾರಿದ ಹಳೇ ವಿದ್ಯೆ. ಆಮೇಲೂ ಸಲಹೆ, ಮೇಲೊಂದು ಸಲಹೆ. ಸಲಹೆಗೆ ಹಲ್ಲಿರುವುದಿಲ್ಲ ಎಂಬುದು ಸಲಹೆ ಕೊಟ್ಟವರಿಗೂ ಗೊತ್ತಿತ್ತು.

2025ರಲ್ಲಿ ಬಂದದ್ದು ಹಲ್ಲಿರುವ ಕಾನೂನು. ಆಗಸ್ಟ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿ ಅಂಕಿತ. ಮೂರೇ ದಿನ! ಜಾಣ್ಮೆಯೋ ಅದೃಷ್ಟವೋ ಎಂಬ ಪ್ರಶ್ನೆಯನ್ನೇ ಬದಿಗಿಟ್ಟು, ದುಡ್ಡು ಕಟ್ಟಿ ಆಡುವುದಾದರೆ ಆಗದು ಅಂತು. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆಡುವವರಿಗೆ ಶಿಕ್ಷೆಯಿಲ್ಲ, ಅದು ಸರಿಯಾಗಿದೆ. ವರ್ಷಕ್ಕೆ ಸುಮಾರು 45 ಕೋಟಿ ಜನ ಸೇರಿ 20 ಸಾವಿರ ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದರು ಅಂತ ಸರ್ಕಾರವೇ ಆಗ ಲೆಕ್ಕ ಕೊಟ್ಟಿತು. ಕಾನೂನನ್ನು ಪ್ರಶ್ನಿಸಿದ ಅರ್ಜಿ ನಮ್ಮ ಹೈಕೋರ್ಟಿಗೂ ಬಂದಿತ್ತು, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು.

ಹಾಗಾದರೆ ಫೋನಿನಲ್ಲಿ ಯಾಕೆ ನಿಂತಿಲ್ಲ? ದೇಶದೊಳಗಿನ ದೊಡ್ಡ ಕಂಪನಿಗಳು ದುಡ್ಡಿನ ಆಟ ನಿಲ್ಲಿಸಿದವು, ಅವಕ್ಕೆ ಇಲ್ಲಿ ಆಫೀಸಿದೆ, ಆಸ್ತಿಯಿದೆ, ಹೆದರಿಕೆಯಿದೆ. ಸಮುದ್ರದಾಚೆ ಯಾವುದೋ ದ್ವೀಪದಲ್ಲಿ ಲೈಸೆನ್ಸ್ ಮಾಡಿಸಿಕೊಂಡು ಕೂತ ಬೆಟ್ಟಿಂಗ್ ಸೈಟಿಗೆ ಇದ್ಯಾವುದೂ ಇಲ್ಲ. ಒಂದು ವಿಳಾಸ ಬ್ಲಾಕ್ ಮಾಡಿದರೆ ಒಂದಕ್ಷರ ಬದಲಿಸಿ ಇನ್ನೊಂದು ತೆರೆಯುತ್ತದೆ. ಅವರನ್ನು ಹಿಡಿಯುವುದು ಕಷ್ಟ, ನಿಜ. ಆದರೆ ಅವರ ಜಾಹೀರಾತು ಹೇಳುವ ಬಾಯಿ ದ್ವೀಪದಲ್ಲಿಲ್ಲವಲ್ಲ. ಅದು ಇಲ್ಲೇ ಇದೆ, ನಮ್ಮ ಕನ್ನಡದಲ್ಲೇ ಮಾತಾಡುತ್ತದೆ. ಅದಕ್ಕೆ ಪಾನ್ ಕಾರ್ಡಿದೆ, ಬ್ಯಾಂಕ್ ಖಾತೆಯಿದೆ, ಮುಖ ಎಲ್ಲರಿಗೂ ಗೊತ್ತಿದೆ. ಮೊದಲು ಅಲ್ಲಿ ಹಿಡಿಯಬೇಕು ಅಂತ ನನ್ನ ಅಭಿಪ್ರಾಯ. 2019ರ ಗ್ರಾಹಕ ಕಾಯ್ದೆಯಲ್ಲೂ ದಾರಿ ತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೆ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಅಂತಿದೆ. ಒಂದು ವರ್ಷ, ಮತ್ತೆ ತಪ್ಪಿದರೆ ಮೂರು ವರ್ಷ, ಬೇರೆ ಯಾವ ಜಾಹೀರಾತಿನಲ್ಲೂ ಕಾಣಿಸಿಕೊಳ್ಳದಂತೆ ತಡೆಯಲೂಬಹುದು. ದಂಡಕ್ಕಿಂತ ಇದಕ್ಕೇ ಅವರು ಜಾಸ್ತಿ ಹೆದರುತ್ತಾರೆ ಅಂತ ನನ್ನ ಊಹೆ.

ನಿಮ್ಮ ಕಾಲೇಜಿನಲ್ಲಿ ಒಂದು ಕೆಲಸ ಮಾಡಿಸಿ. ಹುಡುಗರಿಗೆ ಭಾಷಣ ಬೇಡ. ಒಂದು ವಾರ ಕಣ್ಣಿಗೆ ಬಿದ್ದ ಇಂಥ ಜಾಹೀರಾತುಗಳ ಸ್ಕ್ರೀನ್‌ಶಾಟ್ ತನ್ನಿ ಅನ್ನಿ. ತಾರೀಖು, ಯಾರ ಖಾತೆ ಎಂಬುದು ಕಾಣಬೇಕು. ಕಟ್ಟು ಮಾಡಿ ಆಸ್ಕಿಗೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ, ಸೈಬರ್ ಠಾಣೆಗೆ ಕಳಿಸಿ. ಬಲೆ ಹಾಕಿದವನ ಬಲೆಯನ್ನು ಎಣಿಸುವ ಕೆಲಸ ಹುಡುಗರಿಗೆ ಇಷ್ಟವಾಗುತ್ತದೆ, ನೋಡಿ.

ಪ್ರಶ್ನೆ: ನನಗೆ 20 ವರ್ಷ, ಓಟು ಹಾಕಿದ್ದೇನೆ. ನಿಜವಾದ ಆಟಗಾರರನ್ನು ಆರಿಸಿ ಆ್ಯಪಿನಲ್ಲಿ ನಮ್ಮದೇ ಟೀಮ್ ಕಟ್ಟುವ ಫ್ಯಾಂಟಸಿ ಕ್ರಿಕೆಟ್ ಜಾಣ್ಮೆಯ ಆಟ, ಕೋರ್ಟೇ ಹೇಳಿದೆ. ನಾನು ಪಿಚ್ ನೋಡಿ, ಅಂಕಿ ಅಂಶ ನೋಡಿ ಟೀಮ್ ಮಾಡುತ್ತಿದ್ದೆ, ಎರಡು ವರ್ಷದಲ್ಲಿ ನಷ್ಟವಾಗಿಲ್ಲ. ಯಾರೋ ನಾಲ್ಕು ಜನ ದಡ್ಡರು ಕಳೆದುಕೊಂಡರು ಅಂತ ಎಲ್ಲರಿಗೂ ಬೀಗ ಹಾಕುವುದು ಸರಿಯಾ? ನಿಷೇಧ ಮಾಡಿದರೆ ಕಳ್ಳದಾರಿ ಹುಟ್ಟುತ್ತದೆ ಅಷ್ಟೇ. (ಮೂಡಿಗೆರೆ)

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು, ಜಗಳಕ್ಕೆ ಬಂದರೂ ಲೆಕ್ಕ ಇಟ್ಟುಕೊಂಡು ಬಂದಿದ್ದೀರಿ. ಮೊದಲು ಒಪ್ಪುವುದನ್ನು ಒಪ್ಪಿಬಿಡುತ್ತೇನೆ. ಕಳ್ಳದಾರಿ ಹುಟ್ಟುತ್ತದೆ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತಿತು. ಆ ಮೇಲೂ ಒಂದಂಕಿ ಲಾಟರಿ ಕದ್ದುಮುಚ್ಚಿ ನಡೆದದ್ದು ಯಾರಿಗೆ ಗೊತ್ತಿಲ್ಲ? ಆದರೆ ಅದಕ್ಕೂ ಮುಂಚೆ ಹಾಸನದ ಬಸ್‌ಸ್ಟ್ಯಾಂಡ್ ಹೇಗಿತ್ತು ಅಂತ ನಿಮಗೆ ಗೊತ್ತಿಲ್ಲ, ನೀವಿನ್ನೂ ಹಾಲು ಕುಡಿಯುವ ಕೂಸು, ಅಥವಾ ಹುಟ್ಟೇ ಇರಲಿಲ್ಲ. ಬಣ್ಣಬಣ್ಣದ ಟಿಕೆಟನ್ನು ತೋರಣದ ಹಾಗೆ ನೇತುಹಾಕಿರುತ್ತಿದ್ದರು. ಮೈಕಿನಲ್ಲಿ ಕೂಗುತ್ತಿದ್ದರು. ಶಾಲೆಗೆ ಹೋಗುವ ನಾವು ಅದರ ಮಧ್ಯೆಯೇ ದಾರಿ ಮಾಡಿಕೊಂಡು ಬಸ್ ಹತ್ತಬೇಕಿತ್ತು. ಕದ್ದುಮುಚ್ಚಿ ನಡೆಯುವುದನ್ನು ಹುಡುಕಿಕೊಂಡು ಹೋಗುವವನು ಹೋಗುತ್ತಾನೆ. ತೋರಣ ಕಟ್ಟಿದ್ದರೆ ಹುಡುಕದವನೂ ನಿಲ್ಲುತ್ತಾನೆ. ನನಗೆ ಬೇಕಿರುವುದು ತೋರಣ ತೆಗೆಸುವುದು. ನಿಜ ಹೇಳಬೇಕೆಂದರೆ, ವಯಸ್ಸಿಗೆ ಬಂದವರು ಆಡುವುದನ್ನು ಪೂರ್ತಿ ನಿಷೇಧಿಸಿದ್ದರ ಬಗ್ಗೆ ನನಗಿರುವ ಧೈರ್ಯ ಸ್ವಲ್ಪ ಕಮ್ಮಿ. ಜಾಹೀರಾತನ್ನು ನಿಷೇಧಿಸಿದ್ದರ ಬಗ್ಗೆ ಒಂದಿಷ್ಟೂ ಅನುಮಾನವಿಲ್ಲ.

ಈಗ ಜಾಣ್ಮೆಯ ವಿಷಯ. ಅದು ಜಾಣ್ಮೆಯ ಆಟವೇ ಅಂದುಕೊಳ್ಳೋಣ. ಹತ್ತು ಜನ ತಲಾ 100 ಹಾಕುತ್ತಾರೆ, ಕಂಪನಿ ತನ್ನ ಪಾಲು ಮೊದಲೇ ತೆಗೆದಿಟ್ಟುಕೊಂಡು ಉಳಿದದ್ದನ್ನು ಹಂಚುತ್ತದೆ. ಅಂದರೆ ಹತ್ತೂ ಜನ ಒಟ್ಟಿಗೆ ನೋಡಿದರೆ ನಷ್ಟದಲ್ಲೇ ಇರುತ್ತಾರೆ. ನೀವು ನಷ್ಟವಿಲ್ಲದೆ ಬಂದಿರಿ ಅಂದರೆ ನಿಮ್ಮ ಪಾಲಿನ ನಷ್ಟವನ್ನು ಬೇರೆ ಯಾರೋ ಹೊತ್ತಿದ್ದಾರೆ. ನಿಮ್ಮಂಥ ಜಾಣರು ಗೆಲ್ಲುತ್ತಾ ಇರಬೇಕಾದರೆ ಎದುರಿಗೆ ದಿನಾ ಹೊಸ ದಡ್ಡ ಬಂದು ಕೂರಬೇಕು, ಹಳಬ ಕೈ ಸುಟ್ಟುಕೊಂಡು ಎದ್ದುಹೋಗಿರುತ್ತಾನಲ್ಲ. ಆ ಹೊಸಬನನ್ನು ಹುಡುಕಿ ತರುವುದೇ ಜಾಹೀರಾತಿನ ಕೆಲಸ. ಅಂಕಿ ಅಂಶ ನೋಡುವ ನಿಮಗೆ ಯಾವ ಸ್ಟಾರೂ ಬಂದು ‘ಆಡಿ’ ಅಂತ ಹೇಳಬೇಕಿರಲಿಲ್ಲ. ಆ ಸ್ಟಾರ್ ಬಂದದ್ದು ಅರಸೀಕೆರೆಯ ಆ 17ರ ಹುಡುಗನಿಗಾಗಿ.

ಆಟ ಬಿಟ್ಟು ಜಾಹೀರಾತನ್ನು ಮಾತ್ರ ಹಿಡಿದ ದೇಶಗಳೂ ಇವೆ. ಇಟಲಿ 2018ರಲ್ಲಿ ಕಾನೂನು ಮಾಡಿ ಜೂಜಿನ ಜಾಹೀರಾತನ್ನು ನಿಲ್ಲಿಸಿತು. ಸ್ಪೇನ್ 2020ರಲ್ಲಿ ಟಿವಿ, ರೇಡಿಯೊದಲ್ಲಿ ರಾತ್ರಿ ಒಂದರಿಂದ ಬೆಳಗ್ಗೆ ಐದರವರೆಗೆ ಮಾತ್ರ ಅಂತು, ಅಂದರೆ ನಮ್ಮ ಕಡೆ ಹಾಲು ಕರೆಯಲು ಏಳುವವರಿಗೆ ಮಾತ್ರ ಕಾಣುವ ಹೊತ್ತು. ಬ್ರಿಟನ್ನಿನಲ್ಲಿ ಬೆಟ್ಟಿಂಗ್ ಈಗಲೂ ಕಾನೂನುಬದ್ಧ. ಆದರೂ 2022ರ ಅಕ್ಟೋಬರ್‌ನಿಂದ 18ರೊಳಗಿನವರನ್ನು ಜೋರಾಗಿ ಸೆಳೆಯುವ ಮುಖಗಳು, ಹೆಸರಾಂತ ಫುಟ್‌ಬಾಲ್ ಆಟಗಾರರು, ಇಂಥ ಜಾಹೀರಾತಿನಲ್ಲಿ ಇರಬಾರದು ಅಂತ ನಿಯಮ ಮಾಡಿದರು. ಅವರು ಕೇಳಿದ ಪ್ರಶ್ನೆ ನನಗೆ ಇಷ್ಟವಾಯಿತು. ಜಾಹೀರಾತಿನಲ್ಲಿ ಮಗು ಇದೆಯಾ ಅಂತ ಕೇಳಲಿಲ್ಲ, ಇದನ್ನು ಮಗು ಕಣ್ಣರಳಿಸಿ ನೋಡುತ್ತದಾ ಅಂತ ಕೇಳಿದರು.

ಪ್ರಶ್ನೆ: ಎಲ್ಲರಿಗೂ ಬುದ್ಧಿ ಹೇಳುತ್ತೀರಿ. 2021ರ ಐಪಿಎಲ್ ಸಮಯದಲ್ಲಿ ನಿಮ್ಮ ಪತ್ರಿಕೆಯ ಹಿಂಬದಿ ಪುಟದಲ್ಲೇ ಬಣ್ಣದ ರಮ್ಮಿ ಜಾಹೀರಾತು ಬಂದಿತ್ತು. ಮರೆತಿರಾ? (ಹಾಸನ)

ಉತ್ತರ: ಮರೆತಿರಲಿಲ್ಲ, ಯಾರೂ ಕೇಳದಿದ್ದರೆ ಸಾಕು ಅಂದುಕೊಂಡಿದ್ದೆ. ಬಂದಿತ್ತು, ಎರಡು ಸಲ. ಕೊರೊನಾ ಕಾಲ, ಬೇರೆ ಜಾಹೀರಾತೇ ಇರಲಿಲ್ಲ, ಆ ತಿಂಗಳ ಸಂಬಳ ಅದರಿಂದ ಆಯಿತು, ನನ್ನದೂ ಸೇರಿ. ನಿಮ್ಮ ಪತ್ರ ಬಂದ ಮೇಲೆ ಹಳೇ ಸಂಚಿಕೆ ಹುಡುಕಿ ತೆಗೆದು ಸ್ಕೇಲಿಟ್ಟು ಅಳೆದೆ. ಮುದ್ರಣದಲ್ಲಾದರೆ ಎಚ್ಚರಿಕೆಯ ಮಾತು ಜಾಹೀರಾತಿನ ಶೇಕಡಾ 20ರಷ್ಟು ಜಾಗದಲ್ಲಿರಬೇಕು ಅಂತ ಮೇಲೆ ಹೇಳಿದ ಆಸ್ಕಿ ನಿಯಮ. ನಮ್ಮ ಪುಟದಲ್ಲಿ ಅದು ಹತ್ತರಲ್ಲಿ ಒಂದು ಪಾಲೂ ಇಲ್ಲ, ಅದೂ ಹಳದಿ ಮೇಲೆ ಬಿಳಿ ಅಕ್ಷರ. ಬಿಸಿಲಿಗೆ ಹಿಡಿದರೂ ಓದಲಾಗದು. ಕಳಿಸಿದವರು ಹಾಗೆ ಕಳಿಸಿದರು, ನಾವು ಹಾಗೇ ಅಚ್ಚು ಹಾಕಿದೆವು. ಸಂಪಾದಕರಿಗೆ ಈ ಸಾಲುಗಳನ್ನು ತೋರಿಸಿದೆ. ‘ಹಾಕಿ, ತೆಗೆಯಬೇಡಿ’ ಅಂದರು.

ಪ್ರಶ್ನೆ: ಮಗನಿಗೆ 17. ಐಪಿಎಲ್ ಬೆಟ್ಟಿಂಗ್‌ನಲ್ಲಿ ಊರಿನ ಬುಕ್ಕಿಗೆ 60 ಸಾವಿರ ಬಾಕಿ ಅಂತೆ. ಸಂಜೆಯಾದರೆ ಗೇಟಿನ ಮುಂದೆ ಬೈಕ್ ನಿಲ್ಲಿಸಿಕೊಂಡು ಕೂರುತ್ತಾರೆ. ಮರ್ಯಾದೆಗೆ ಅಂಜಿ ಕಾಫಿ ಮಾರಿ ಕೊಟ್ಟುಬಿಡೋಣ ಅಂತಿದ್ದಾರೆ ನಮ್ಮ ಯಜಮಾನರು. (ಸಕಲೇಶಪುರ)

ಉತ್ತರ: ಕೊಡಬೇಡಿ. ಬಾಜಿಯ ಬಾಕಿ ಕಾನೂನಿನ ಕಣ್ಣಲ್ಲಿ ಸಾಲವೇ ಅಲ್ಲ. 1872ರ ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಬಾಜಿ ಕರಾರು ಅಸಿಂಧು, ಆ ದುಡ್ಡಿಗೆ ಯಾರೂ ದಾವೆ ಹೂಡುವಂತಿಲ್ಲ. ಮೇಲಾಗಿ ಹುಡುಗ ಇನ್ನೂ 18 ದಾಟಿಲ್ಲ. ಅಪ್ರಾಪ್ತರ ಜೊತೆ ಮಾಡಿಕೊಂಡ ಕರಾರು ಮೊದಲಿನಿಂದಲೇ ಅಸಿಂಧು ಅಂತ 1903ರಲ್ಲೇ ಬ್ರಿಟಿಷರ ಕಾಲದ ಅತಿ ದೊಡ್ಡ ಕೋರ್ಟಾದ ಪ್ರಿವಿ ಕೌನ್ಸಿಲ್ ತೀರ್ಮಾನಿಸಿದೆ. ಒಂದು ಸಲ ಕೊಟ್ಟರೆ ಇವರ ಮನೆಯಲ್ಲಿ ಹುಟ್ಟುತ್ತದೆ ಅಂತ ಅವರಿಗೆ ಗೊತ್ತಾಗುತ್ತದೆ, ಅಷ್ಟೇ. ಗೇಟಿನ ಮುಂದೆ ಕೂತರೆ 112ಕ್ಕೆ ಫೋನ್ ಮಾಡಿ. ಠಾಣೆಗೆ ಹೋದರೆ ಮಗನ ಮೇಲೇ ಬರುತ್ತದೇನೋ ಎಂಬ ಹೆದರಿಕೆಯಿದ್ದರೆ ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ, ಮಕ್ಕಳಿಗೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ, ಅವರನ್ನು ಕರೆದುಕೊಂಡು ಹೋಗಿ. ಮರ್ಯಾದೆ ಹೋಗಬೇಕಾದ್ದು ಹದಿನೇಳರ ಹುಡುಗನ ಹತ್ತಿರ ಬಾಜಿ ಬರೆಸಿಕೊಂಡವನದು.

ಪ್ರಶ್ನೆ: ಎಂಟನೇ ಕ್ಲಾಸಿನ ಮಗ ಗೇಮಿನಲ್ಲಿ ‘ಬಾಕ್ಸ್’ ಒಡೆಯಲು ದುಡ್ಡು ಕೇಳುತ್ತಾನೆ. ಒಳಗೆ ಬಂದೂಕಿನ ಬಣ್ಣ ಬರುತ್ತದೋ ಬಟ್ಟೆ ಬರುತ್ತದೋ ಗೊತ್ತಿರುವುದಿಲ್ಲ. ಇದೂ ಜೂಜಾ? (ಕಡೂರು)

ಉತ್ತರ: ಬೆಲ್ಜಿಯಂ 2018ರಲ್ಲಿ ಹೌದು ಅಂದಿತು. ನನ್ನ ಕೇಳಿದರೂ ಹೌದು, ಜಾತ್ರೆಯಲ್ಲಿ ರಿಂಗ್ ಎಸೆದು ಸೋಪು ಗೆಲ್ಲುವ ಆಟದ ಮರಿ ಅದು. ಫೋನಿನಿಂದ ಕಾರ್ಡ್ ವಿವರ ಅಳಿಸಿ, ಏನೇ ಕೊಳ್ಳಬೇಕಾದರೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಆಮೇಲೆ ಒಂದು ಸಲ ಪಕ್ಕ ಕೂತು ಆ ಬಾಕ್ಸ್ ಒಡೆಯುವಾಗ ಅವನ ಮುಖ ನೋಡಿ, ಮುಂದಿನದು ನಿಮಗೇ ಹೊಳೆಯುತ್ತದೆ.

ಪ್ರಶ್ನೆ: ನಮ್ಮ ಯುವಕ ಸಂಘದಿಂದ ಪ್ರತಿವರ್ಷ ಟೆನಿಸ್ ಬಾಲ್ ಟೂರ್ನಮೆಂಟ್ ಮಾಡುತ್ತೇವೆ. ಈ ಸಲ ಒಂದು ಆ್ಯಪಿನವರು ಏಜೆಂಟ್ ಮೂಲಕ 60 ಸಾವಿರ ಕೊಡುತ್ತೇವೆ, ಎಂಟೂ ತಂಡದ ಟಿ ಶರ್ಟ್ ಮೇಲೆ, ಫ್ಲೆಕ್ಸ್ ಮೇಲೆ ಹೆಸರು ಹಾಕಿ ಅನ್ನುತ್ತಿದ್ದಾರೆ. ‘ಸ್ಪೋರ್ಟ್ಸ್ ನ್ಯೂಸ್ ಆ್ಯಪ್ ಅಷ್ಟೇ, ಭಯ ಬೇಡ’ ಅಂತಾರೆ. ತಗೊಳ್ಳಬಹುದಾ? (ಜಾವಗಲ್ ಸಮೀಪ)

ಉತ್ತರ: ಬೇಡ. ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ದುಡ್ಡಿನ ಆಟಕ್ಕೆ ಪ್ರಚಾರ ಕೊಡುವುದು, ಅದಕ್ಕೆ ಕೈ ಜೋಡಿಸುವುದು ಎರಡೂ ತಪ್ಪು ಅಂತ 2025ರ ಕಾನೂನು ಹೇಳುತ್ತದೆ. ನಾಳೆ ಏನಾದರೂ ಆದರೆ ಏಜೆಂಟ್ ಫೋನ್ ಸ್ವಿಚಾಫ್, ಫ್ಲೆಕ್ಸಿನ ಕೆಳಗಿರುವುದು ನಿಮ್ಮ ಸಂಘದ ಹೆಸರು. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲೆ ಫ್ಯಾಂಟಸಿ ಕ್ರಿಕೆಟ್ ಕಂಪನಿ ಡ್ರೀಮ್ ಇಲೆವೆನ್ ಹೆಸರಿತ್ತಲ್ಲ, 358 ಕೋಟಿಯ ಒಪ್ಪಂದ ಅದು. ಕಾನೂನು ಬಂದ ಮೇಲೆ ಅವರು ಹಿಂದೆ ಸರಿದರು, 2025ರ ಏಷ್ಯಾ ಕಪ್‌ನಲ್ಲಿ ನಮ್ಮವರು ಎದೆ ಮೇಲೆ ಯಾವ ಕಂಪನಿ ಹೆಸರೂ ಇಲ್ಲದೆ ‘ಇಂಡಿಯಾ’ ಅಂತಷ್ಟೇ ಇದ್ದ ಅಂಗಿಯಲ್ಲಿ ಆಡಿದರು. ಕಪ್ಪನ್ನೂ ಗೆದ್ದರು.

ನಿಮ್ಮೂರಿನ ಹೆಸರನ್ನು ತನ್ನ ಹೆಸರಿನ ಮುಂದೆ ಇಟ್ಟುಕೊಂಡ ಒಬ್ಬ ಫಾಸ್ಟ್ ಬೌಲರ್ ಪ್ರಪಂಚವೆಲ್ಲ ಸುತ್ತಿದ. ನಿಮ್ಮ ಟಿ ಶರ್ಟಿಗೆ ಆ ಊರ ಹೆಸರೊಂದು ಸಾಲದಾ? ದುಡ್ಡಿಗೆ ಗೊಬ್ಬರದ ಅಂಗಡಿಯವರನ್ನು ಕೇಳಿ, ಕೊಬ್ಬರಿ ಮಂಡಿಯವರನ್ನು ಕೇಳಿ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಿಮ್ಮ ಹುಡುಗರನ್ನು ಕೇಳಿ. 60 ಸಾವಿರ ಆಗಲಿಕ್ಕಿಲ್ಲ, ಎಂಟು ತಂಡದ ಬದಲು ಆರು ಮಾಡಿ, ಬಿರಿಯಾನಿ ಬದಲು ಪಲಾವ್ ಮಾಡಿಸಿ. ನನ್ನದೊಂದು ಸಾವಿರ ಇಟ್ಟುಕೊಳ್ಳಿ, ಆ ರಮ್ಮಿ ತಿಂಗಳ ಸಂಬಳದ ಲೆಕ್ಕದಲ್ಲಿ. ರಸೀದಿ ಕಳಿಸಿ, ಫೈನಲ್ ಯಾವತ್ತು ಅಂತಲೂ ತಿಳಿಸಿ.